ಕೊಲ್ಲಾರಿ ಬಂಡಿಯ ಕಡಾಣಿ

ನಮ್ಮ ಮನೆಯಿರುವುದು ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ. ಎದುರುಮನೆಯಾಕೆ ನನ್ನ ಓರಗೆಯವರು. ಅವರ ಮಗಳು ಅಮೆರಿಕದಲ್ಲಿದ್ದಾಳೆ. ಹೋದ ಬೇಸಿಗೆಯ ಒಂದು ಸಂಜೆ ಇಬ್ಬರೂ ಕುಳಿತು ಸೊಪ್ಪು ಬಿಡಿಸುತ್ತಿದ್ದಾಗ ಆಕೆ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಫೋಟೋದಲ್ಲಿ ಒಂದು ದೊಡ್ಡ ಕಾರು, ಅದರ ಹಿಂದೆ ಬಿಳಿಯ ಪೆಟ್ಟಿಗೆಯಂಥ ಒಂದು ಪುಟ್ಟ ಮನೆ. ಮನೆಗೆ ಚಕ್ರಗಳಿದ್ದವು, ಕಿಟಕಿಗೆ ಹೂವಿನ ಪರದೆಯಿತ್ತು.

"ಟ್ರೇಲರ್ ಕೊಂಡಿದ್ದಾರಂತೆ. ಒಳಗೇ ಮಂಚ, ಒಲೆ, ಬಚ್ಚಲು ಎಲ್ಲಾ ಇದೆಯಂತೆ. ರಜೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಕಾಡು ಬೆಟ್ಟ ಅಂತ ಹೋಗುವುದೇ. ಆದರೆ ಕೊಂಡ ದಿನದಿಂದ ಒಂದಲ್ಲ ಒಂದು ರಿಪೇರಿ ನೋಡಿ," ಎಂದು ನಿಟ್ಟುಸಿರು ಬಿಟ್ಟರು. ಏನು ರಿಪೇರಿ ಎಂದು ಕೇಳಿದೆ. ಮಳೆ ಬಂದರೆ ಮಾಡಿನ ಸಂದಿಯಿಂದ ನೀರು ಇಳಿಯುತ್ತದೆ, ಅಂಟು ಹಚ್ಚಬೇಕು. ವರ್ಷಕ್ಕೊಮ್ಮೆ ಚಕ್ರ ಬಿಚ್ಚಿ ಬೇರಿಂಗಿಗೆ ಗ್ರೀಸು ತುಂಬಬೇಕು. ಕಾರಿಗೂ ಟ್ರೇಲರಿಗೂ ಗಂಟುಹಾಕುವ ಜಾಗದಲ್ಲಿ ಒಂದು ಪಿನ್ನು ಇದೆ, ಹೊರಡುವ ಮುಂಚೆ ಅದನ್ನು ತಪ್ಪದೆ ನೋಡಬೇಕು.

ಕೇಳುತ್ತಾ ಕೇಳುತ್ತಾ ನನಗೆ ನಗು ಬಂತು. ಮಾಡು ಸೋರುವುದು, ಚಕ್ರಕ್ಕೆ ಎಣ್ಣೆ ಕಾಣಿಸುವುದು, ಪಿನ್ನು ಬಿದ್ದುಹೋಗದಂತೆ ನೋಡುವುದು ಎಲ್ಲವೂ ನನಗೆ ಗೊತ್ತಿದ್ದ ಮಾತುಗಳೇ. "ರೀ, ಇದು ನಮ್ಮ ಅಜ್ಜಿಯ ಕೊಲ್ಲಾರಿ ಬಂಡಿ ಕಣ್ರೀ. ಎತ್ತು ಒಂದು ಇಲ್ಲ ಅಷ್ಟೆ," ಎಂದೆ. ಬೆಂಗಳೂರಿನ ಆಕೆಗೆ ಕೊಲ್ಲಾರಿ ಬಂಡಿ ಎಂದರೇನೆಂದು ತಿಳಿಯಲಿಲ್ಲ. ಕಮಾನು ಗಾಡಿ ಎಂದ ಮೇಲೆ ಅರ್ಥವಾಯಿತು. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಸಾವಧಾನವಾಗಿ ಬರೆಯುತ್ತಿದ್ದೇನೆ.

ನಮ್ಮ ಊರು ಹುನಗುಂದದ ಬಳಿಯ ಒಂದು ಹಳ್ಳಿ. ಈಗ ಅದು ಬಾಗಲಕೋಟೆ ಜಿಲ್ಲೆ. 1997ರಲ್ಲಿ ಆ ಜಿಲ್ಲೆಯಾಗುವವರೆಗೆ ವಿಜಾಪುರ ಜಿಲ್ಲೆಯಲ್ಲಿತ್ತು. ನಮ್ಮ ತಂದೆಗೆ ಬೆಂಗಳೂರಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿ ನಾವು ಇಲ್ಲಿಗೆ ಬಂದದ್ದು 1979ರಲ್ಲಿ. ಅದಕ್ಕೂ ಮುಂಚೆ, ನನಗೆ ತಿಳುವಳಿಕೆ ಬಂದಂದಿನಿಂದ, ಪ್ರತಿ ವರ್ಷ ಬನದ ಹುಣ್ಣಿಮೆಗೆ ನಮ್ಮ ಮನೆಯವರೆಲ್ಲ ಬಂಡಿ ಕಟ್ಟಿಕೊಂಡು ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದೆವು. ಈಗ ನಾನು ದಿನವೂ ಹಾದುಹೋಗುವ ಕನಕಪುರ ರಸ್ತೆಯ ಬನಶಂಕರಿ ಗುಡಿಗೂ ಆ ತಾಯಿಯೇ ಮೂಲ. ಸೋಮಣ್ಣ ಶೆಟ್ಟಿ ಎಂಬ ಭಕ್ತರು 1915ರಲ್ಲಿ ಇದನ್ನು ಕಟ್ಟಿಸಿದಾಗ ಸುತ್ತ ಸಾರಕ್ಕಿಯ ಹೊಲಗದ್ದೆಗಳು. ಇವತ್ತು ಗುಡಿಯ ಮಗ್ಗುಲಲ್ಲೇ ಮೆಟ್ರೋ ನಿಲ್ದಾಣ ಇದೆ, 2017ರಿಂದ ರೈಲು ಓಡುತ್ತಿದೆ. ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಲು ಬರುವ ಹೆಂಗಸರು ರೈಲಿಳಿದು ನೇರ ಗುಡಿಗೆ ನಡೆಯುತ್ತಾರೆ. ನಾವು ಚಿಕ್ಕವರಿದ್ದಾಗ ಅದೇ ತಾಯಿಯನ್ನು ನೋಡಲು ಎರಡು ರಾತ್ರಿ ದಾರಿಯಲ್ಲೇ ಮಲಗಬೇಕಾಗಿತ್ತು.

ಬಂಡಿ ಎಂದರೆ ಬಹಳ ಹಳೆಯದು ಎಂದು ನಾವೆಲ್ಲ ತಿಳಿದಿರುತ್ತೇವೆ. ತರಗತಿಯಲ್ಲಿ ಹರಪ್ಪದ ಪಾಠ ಮಾಡುವಾಗ ಮಣ್ಣಿನ ಆಟಿಕೆ ಬಂಡಿಯ ಚಿತ್ರ ತೋರಿಸುತ್ತೇನೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಗುವೊಂದು ಆಡಿದ ಬಂಡಿ ಅದು. ಆದರೆ ಕುಟುಂಬವೆಲ್ಲ ಕುಳಿತು ದೂರದೂರಿಗೆ ಹೋಗುವ ಬಂಡಿಯ ಚರಿತ್ರೆ ಬೇರೆ. ಅದಕ್ಕೆ ಮೊದಲು ರಸ್ತೆ ಬೇಕು. 1800-01ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಸರಕು ಬಹುಮಟ್ಟಿಗೆ ಎತ್ತಿನ ಬೆನ್ನ ಮೇಲಿನ ಹೇರಾಗಿಯೇ ಸಾಗುತ್ತಿತ್ತು. ಲಂಬಾಣಿಗರ ಹೇರೆತ್ತುಗಳ ಸಾಲು ಹೊರಟರೆ ಅದೇ ನಮ್ಮ ದೇಶದ ಗೂಡ್ಸ್ ರೈಲು. ಹೈದರಾಲಿಯ ಸೈನ್ಯದ ವೇಗಕ್ಕೆ ಹಳ್ಳಿಕಾರ್ ತಳಿಯ ಎತ್ತುಗಳು ಕಾರಣವೆಂದು ಹೇಳುತ್ತಾರೆ. ಅವುಗಳಿಂದ ಬೆಳೆದ ಹಿಂಡನ್ನೇ ಟಿಪ್ಪು ಅಮೃತಮಹಲ್ ಎಂದು ಕರೆದ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ ಮೈಸೂರು ಸೀಮೆಗೆ ಸುಮಾರು 1,600 ಮೈಲಿ ರಸ್ತೆಯಾಯಿತು. ಆಮೇಲೆ ಊರೂರಿಗೂ ಬಂಡಿ ಬಂತು. ನಮ್ಮ ಕಡೆ ಆಗ ಮುಂಬಯಿ ಪ್ರಾಂತ. ಹೋಟಗಿಯಿಂದ ಗದಗಿಗೆ 1884ರಲ್ಲಿ ರೈಲು ಬಂದು ಬಾದಾಮಿಗೂ ಒಂದು ಸ್ಟೇಷನ್ ಆಯಿತು. ಆದರೆ ರೈಲು ಹಾದಿ ನಮ್ಮ ಊರಿನ ಹತ್ತಿರ ಸುಳಿಯಲಿಲ್ಲ. ಹೀಗಾಗಿ ಜಾತ್ರೆಗೆ ಬಂಡಿಯೇ ಗತಿ.

ಇಂಗ್ಲೆಂಡಿನಲ್ಲಿಯೂ ಇದೇ ಕಾಲಕ್ಕೆ ಒಂದು ಮೋಜಿನ ಸಂಗತಿ ನಡೆಯಿತು. ನೌಕಾದಳದಲ್ಲಿ ವೈದ್ಯರಾಗಿದ್ದು ನಿವೃತ್ತರಾದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕರು 1885ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ ತಮಗಾಗಿ ಒಂದು ಚಕ್ರದ ಮನೆ ಕಟ್ಟಿಸಿದರು. ಅದಕ್ಕೆ 'ವಾಂಡರರ್' ಎಂದು ಹೆಸರಿಟ್ಟು, ಎರಡು ಕುದುರೆ ಕಟ್ಟಿ, ಸ್ಕಾಟ್ಲೆಂಡಿನವರೆಗೆ ಪ್ರಯಾಣ ಮಾಡಿದರು. ಬರೀ ವಿಹಾರಕ್ಕೆಂದೇ ಮಾಡಿಸಿದ ಮೊದಲ ಕ್ಯಾರವಾನ್ ಎಂದು ಇವತ್ತಿಗೂ ಅದನ್ನೇ ಹೆಸರಿಸುತ್ತಾರೆ. 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. ಮೋಟಾರು ಬಂದ ಮೇಲೆ ಕುದುರೆಯ ಜಾಗಕ್ಕೆ ಕಾರು ಬಂತು. ಅಮೆರಿಕದಲ್ಲಿ 1930ರ ದಶಕದಲ್ಲಿ ಇಂಥ ಟ್ರೇಲರುಗಳು ಮನೆಮಾತಾದವು. ಎದುರುಮನೆಯ ಹುಡುಗಿ ಕೊಂಡದ್ದು ಆ ವಂಶದ್ದೇ.

ಸ್ಟೇಬಲ್ಸ್ ಸಾಹೇಬರ ಬಂಡಿಗೆ ಹೆಸರಿತ್ತು, ಪುಸ್ತಕವೂ ಆಯಿತು. ಆ ಕಾಲದಲ್ಲೇ ಬನಶಂಕರಿಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಮೈಲಾರಕ್ಕೆ ಸಾವಿರಾರು ಕುಟುಂಬಗಳು ಬಂಡಿಯಲ್ಲಿ ಹೋಗಿ, ಬಂಡಿಯ ಕೆಳಗೇ ಒಲೆ ಹೂಡಿ, ಬಂಡಿಯಲ್ಲೇ ಮಲಗಿ ಐದಾರು ದಿನ ಇದ್ದು ಬರುತ್ತಿದ್ದವು. ಅವರ ಬಂಡಿಗಳಿಗೆ ಹೆಸರಿರಲಿಲ್ಲ. ಬರೆದಿಡಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ನಮ್ಮ ಬಂಡಿ ಹೇಗಿತ್ತು ಹೇಳುತ್ತೇನೆ. ದಿನದ ಕೆಲಸಕ್ಕೆ ಅದು ಬರೀ ಚಕ್ಕಡಿ, ಗೊಬ್ಬರ ಹೇರುವುದು, ಜೋಳದ ಸೊಪ್ಪೆ ತರುವುದು. ಜಾತ್ರೆ ಬಂತೆಂದರೆ ಅದನ್ನು ತೊಳೆದು, ಬಿದಿರಿನ ಕಮಾನುಗಳನ್ನು ಬಗ್ಗಿಸಿ ಕಟ್ಟಿ, ಮೇಲೆ ತಟ್ಟಿ ಹೊದಿಸಿ, ಅದರ ಮೇಲೆ ಗುಡಾರ ಹಾಕಿದರೆ ಕೊಲ್ಲಾರಿ ಬಂಡಿಯಾಗುತ್ತಿತ್ತು. ಒಳಗೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ, ಅದರ ಮೇಲೆ ಕೌದಿ. ಒಂದು ಮೂಲೆಗೆ ರೊಟ್ಟಿಯ ಗಂಟು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ. ಖಿಲಾರಿ ಎತ್ತುಗಳ ಕೊರಳಿಗೆ ಗೆಜ್ಜೆಸರ, ಕೊಂಬಿಗೆ ಕೊಡಣಸು. ಆರು ಜನ ಹೆಂಗಸರು ಮಕ್ಕಳು ಒಳಗೆ, ಗಂಡಸರು ಮುಂದೆ ಮೂಕಿಯ ಹತ್ತಿರ ಅಥವಾ ಬಂಡಿಯ ಜೊತೆಗೆ ನಡಿಗೆ.

ವರ್ಷದಲ್ಲಿ ಆ ಏಳೆಂಟು ದಿನ ನಮ್ಮ ಅವ್ವ, ದೊಡ್ಡವ್ವ, ಅತ್ತೆಯರು ನಗುವುದನ್ನು ನಾನು ನೋಡುತ್ತಿದ್ದೆ. ಬಂಡಿಯೊಳಗೆ ಅತ್ತೆ ಸೊಸೆ ಎಂಬ ಬಿಗಿ ಅರ್ಧ ಸಡಿಲುತ್ತಿತ್ತು. ಹಾಡು, ಒಗಟು, ತವರಿನ ಸುದ್ದಿ. ಅಮೀನಗಡ ದಾಟಿ, ಕಮತಗಿಯ ಹತ್ತಿರ ಮಲಪ್ರಭೆ ದಾಟಿ, ಗುಳೇದಗುಡ್ಡದಲ್ಲಿ ಖಣ ನೋಡಿ, ಬಾದಾಮಿ ಹಾದು ಚೊಳಚಗುಡ್ಡದ ಬನಶಂಕರಿಗೆ ಬಂದರೆ ಹೊಂಡದ ಸುತ್ತ ದಿಕ್ಕುದಿಕ್ಕಿಗೆ ಬಂಡಿಗಳೇ ಬಂಡಿಗಳು. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ, ತಾಯಿಗೆ ನೂರೆಂಟು ಬಗೆಯ ಕಾಯಿಪಲ್ಲೆ. ರಾತ್ರಿಯಿಡೀ ಕಂಪನಿ ನಾಟಕ. ದನದ ಜಾತ್ರೆ ಒಂದು ಕಡೆ, ಬಾಗಿಲು ಚೌಕಟ್ಟಿನ ಬಜಾರು ಇನ್ನೊಂದು ಕಡೆ.

ಹೊರಡುವ ವಾರ ಮುಂಚಿನಿಂದ ಬಂಡಿಯ ರಿಪೇರಿ ನಡೆಯುತ್ತಿತ್ತು. ದೊಡ್ಡ ಕೆಲಸ ಬಡಿಗನದು, ಕಂಬಾರನದು. ಚಕ್ರದ ಸುತ್ತ ಕಬ್ಬಿಣದ ಹಳಿ ಸಡಿಲಾದರೆ ಅದನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಕಟ್ಟಿಗೆಯ ಚಕ್ರಕ್ಕೆ ತೊಡಿಸಿ, ತಕ್ಷಣ ನೀರು ಸುರಿಯುತ್ತಿದ್ದರು. ಕಬ್ಬಿಣ ತಣಿದು ಕುಗ್ಗಿ ಚಕ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಸಣ್ಣ ಕೆಲಸಗಳೆಲ್ಲ ಮನೆಯವರವು. ಆ ಮನೆಯವರಲ್ಲಿ ಮುಖ್ಯವಾಗಿ ನಮ್ಮ ಅಜ್ಜಿ.

ಅಚ್ಚಿಗೆ ಹಾಕುವ ಕೀಲೆಣ್ಣೆ ಎಲ್ಲಿಂದ ಬರುತ್ತಿತ್ತು ಎಂದುಕೊಂಡಿರಿ? ಹೊಲದ ಬದುವಿನಲ್ಲಿ ಔಡಲ ಗಿಡ ಹಾಕುತ್ತಿದ್ದವರು ಹೆಂಗಸರು. ಬೀಜ ಬಿಡಿಸಿ, ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದವರೂ ಅವರೇ. ತಿಳಿಯಾದದ್ದು ಬಾಣಂತಿಗೆ, ಕೂಸಿನ ನೆತ್ತಿಗೆ. ತಳದ ಮಡ್ಡಿಗೆ ಒಲೆಯ ಕಾಡಿಗೆ ಕಲಸಿ ಅಜ್ಜಿ ಗೊಟ್ಟಕ್ಕೆ ತುಂಬುತ್ತಿದ್ದಳು. ಆ ಗೊಟ್ಟವನ್ನು ಬಂಡಿಯ ಕೆಳಗೆ ತೂಗುಹಾಕುವುದು ರೂಢಿ. ತಟ್ಟಿಯ ಸಂದಿಗೆ ಸಗಣಿ ಬಳಿದು ಮಾಡು ಭದ್ರ ಮಾಡುವವಳು ಅವಳು. ಹರಿದ ಗುಡಾರಕ್ಕೆ ದಬ್ಬಣದಲ್ಲಿ ಹೊಲಿಗೆ ಹಾಕುವವಳು ಅವಳು. ಬೇಸಿಗೆಯಲ್ಲಿ ಚಕ್ರದ ಕಟ್ಟಿಗೆ ಒಣಗಿ ಅರಗಳು ಕಟಕಟ ಎನ್ನತೊಡಗಿದರೆ "ಚಕ್ರಕ್ಕ ನೀರು ಕುಡಸ್ರೋ" ಎಂದು ಹಳ್ಳದ ನೀರಲ್ಲಿ ರಾತ್ರಿಯೆಲ್ಲ ಬಂಡಿ ನಿಲ್ಲಿಸಲು ಹೇಳುವವಳೂ ಅವಳೇ. ಕಟ್ಟಿಗೆ ನೀರು ಕುಡಿದು ಉಬ್ಬಿದರೆ ಹಳಿ ತಾನಾಗಿ ಬಿಗಿಯಾಗುತ್ತದೆ.

ಇಷ್ಟಾದರೂ ಬಂಡಿ ಯಾರದು ಎಂದು ಕೇಳಿದರೆ ಕಾಕಾನದು ಎಂದೇ ಎಲ್ಲರೂ ಹೇಳುತ್ತಿದ್ದರು. ಅಜ್ಜಿ ಎಣ್ಣೆ ತೆಗೆದರೆ ಅದು ಅಡಿಗೆಮನೆಯ ಕೆಲಸ, ಕಾಕಾ ಆ ಎಣ್ಣೆ ಸವರಿದರೆ ಅದು ಬಂಡಿಯ ಕೆಲಸ. ಹೆಂಗಸು ಮೂಕಿ ದಾಟಬಾರದು, ನೊಗ ಮುಟ್ಟಬಾರದು ಎಂಬ ಮಾತೂ ನಮ್ಮ ಮನೆಯಲ್ಲಿತ್ತು.

1978ರ ಜನವರಿ. ನನಗೆ ಒಂಬತ್ತು ವರ್ಷ, ತಮ್ಮ ಮೂರು ತಿಂಗಳ ಕೂಸು. ಅಮೀನಗಡದಲ್ಲಿ ರಾತ್ರಿ ತಂಗಿ, ಬೆಳಗಿನ ಜಾವ ಕಾಕಾ ಚಕ್ರಕ್ಕೆ ಎಣ್ಣೆ ಹಾಕಿದ. ಅದರ ಕ್ರಮ ಹೀಗೆ. ಅಚ್ಚು ತಿರುಗುವುದಿಲ್ಲ, ಅದರ ಮೇಲೆ ಚಕ್ರ ತಿರುಗುತ್ತದೆ. ಚಕ್ರ ಜಾರಿ ಹೊರಗೆ ಬಾರದಂತೆ ಅಚ್ಚಿನ ತುದಿಯ ತೂತಿಗೆ ಒಂದು ಕೀಲು ಇರುತ್ತದೆ. ಅದೇ ಕಡಾಣಿ. ಎಣ್ಣೆ ಹಾಕಲು ಕಡಾಣಿ ತೆಗೆದು, ಚಕ್ರವನ್ನು ಗೇಣುದ್ದ ಹೊರಗೆಳೆದು, ಅಚ್ಚಿಗೆ ಸವರಿ, ಮತ್ತೆ ಚಕ್ರ ಒಳಗೆ ನೂಕಿ ಕಡಾಣಿ ಹೊಡೆಯಬೇಕು. ಕೊನೆಗೆ ಅದು ಕುಣಿದು ಮೇಲೆ ಬಾರದಂತೆ ಚರ್ಮದ ಪಟ್ಟಿಯಲ್ಲೋ ಅರಿವೆಯಲ್ಲೋ ಕಟ್ಟಬೇಕು. ಚಳಿಗೆ ಕೈ ಮರಗಟ್ಟಿತ್ತೋ ಅವಸರವೋ, ಕಾಕಾ ಎಡಗಡೆಯದನ್ನು ಕಟ್ಟಲು ಮರೆತಿದ್ದ.

ಸೂರ್ಯ ಮೇಲೇರಿದಾಗ ನದಿಯ ಕಡೆಗೆ ಇಳುಕಲು ಶುರುವಾಗುವ ಜಾಗಕ್ಕೆ ಬಂದಿದ್ದೆವು. ಒಳಗೆ ಅವ್ವ ತಮ್ಮನಿಗೆ ಹಾಲು ಕುಡಿಸುತ್ತಿದ್ದಳು, ದೊಡ್ಡವ್ವ ಹಾಡುತ್ತಿದ್ದಳು. ಅಜ್ಜಿ ಇದ್ದಕ್ಕಿದ್ದಂತೆ ಕೈಯೆತ್ತಿ ಹಾಡು ನಿಲ್ಲಿಸಿದಳು.

"ನಿಲ್ಲಸೋ ಬಂಡಿ. ಗಾಲಿ ಸಪ್ಪಳ ಬ್ಯಾರೆ ಆಗೇತಿ."

"ಏನೂ ಆಗಿಲ್ಲ ಬೇ ಯವ್ವಾ, ಸುಮ್ಮ ಕುಂದರು," ಎಂದ ಕಾಕಾ.

"ನಿಲ್ಲಸ್ತೀಯೋ, ನಾ ಜಿಗಿಲ್ಯೋ?"

ಅರವತ್ತು ದಾಟಿದ ಮುದುಕಿ ಜಿಗಿದರೆ ಊರೆಲ್ಲ ನಗುತ್ತದೆಂದು ಕಾಕಾ ಹಗ್ಗ ಜಗ್ಗಿದ. ಅಜ್ಜಿ ಹಿಂದಿನಿಂದ ಇಳಿದು ಎಡಗಡೆಗೆ ಬಂದಳು. ನಾನೂ ಅವಳ ಸೆರಗು ಹಿಡಿದು ಇಳಿದಿದ್ದೆ. ಕಡಾಣಿ ಇರಬೇಕಾದಲ್ಲಿ ಬರೀ ತೂತಿತ್ತು. ಚಕ್ರ ನಾಲ್ಕು ಬೆರಳು ಹೊರಗೆ ಸರಿದಿತ್ತು. ಇನ್ನಿಷ್ಟು ದೂರ ಹೋಗಿದ್ದರೆ ಇಳುಕಲಿನಲ್ಲಿ ಚಕ್ರ ಕಳಚಿ, ಬಂಡಿ ಎಡಕ್ಕೆ ಮಗುಚಿ, ಅವ್ವ ಕುಳಿತಿದ್ದುದು ಆ ಕಡೆಗೇ. ಕಾಕಾನ ಮುಖ ಸುಣ್ಣವಾಯಿತು. ಮಾತಾಡಲಿಲ್ಲ.

ಅಜ್ಜಿಯೂ ಬೈಯಲಿಲ್ಲ. ಎಲ್ಲರನ್ನೂ ಇಳಿಸಿದಳು. ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿಸಿ, ಇಬ್ಬರು ಗಂಡಸರಿಂದ ಬಂಡಿಯನ್ನು ಎತ್ತಿಸಿ ಹಿಡಿಸಿ, ಚಕ್ರ ಒಳಗೆ ನೂಕಿಸಿದಳು. ಹುಲ್ಲಿನ ಜೊತೆ ತಂದಿದ್ದ ಕುಡುಗೋಲಿನಿಂದ ದಾರಿಯ ಪಕ್ಕದ ಜಾಲಿಯ ಒಣ ಟೊಂಗೆ ಕಡಿದು, ಹೆರೆದು, ತೂತಿಗೆ ಹಿಡಿದು ನೋಡಿ, ಮತ್ತೆ ಹೆರೆದಳು. ಮೂರನೇ ಸಲ ಸರಿಯಾಯಿತು. ಕಲ್ಲಿನಿಂದ ಬಡಿದು ಕೂರಿಸಿ, ತಲೆಗೆ ಸುತ್ತಿದ್ದ ಅರಿವೆ ಹರಿದು ಬಿಗಿದು ಕಟ್ಟಿದಳು. "ಸಾವಕಾಶ ಹೊಡಿ. ಕಮತಗ್ಯಾಗ ಕಂಬಾರ ಅದಾನ," ಎಂದಳಷ್ಟೆ. ನಾವು ಹೆಂಗಸರು ಮಕ್ಕಳು ಇಳುಕಲು ಮುಗಿಯುವವರೆಗೆ ನಡೆದೇ ಹೋದೆವು. ಕಮತಗಿಯಲ್ಲಿ ಕಬ್ಬಿಣದ ಕಡಾಣಿ ಸಿಕ್ಕಿತು.

ಜಾತ್ರೆ ಮುಗಿದು ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಈ ಸುದ್ದಿ ಹಬ್ಬಿತು. ಕಾಕಾ ಜಾಲಿಯ ಕಡಾಣಿ ಮಾಡಿ ಬಂಡಿ ಉಳಿಸಿದ ಎಂದು! ಕಾಕಾ ತಾನಾಗಿ ಹಾಗೆ ಹೇಳಿಕೊಂಡನೋ, ಕೇಳಿದವರೇ ಹಾಗೆ ತಿಳಿದರೋ. ಅಲ್ಲ ಎಂದಂತೂ ಹೇಳಲಿಲ್ಲ. ನಾನು ಸಿಟ್ಟಿನಿಂದ ಅಜ್ಜಿಗೆ ಹೇಳಿದೆ. ಅವಳು ಬೋಸಿ ತಿಕ್ಕುತ್ತಾ, "ಅಂದುಕೊಳ್ಳಲಿ ಬಿಡು. ಮುಂದಿನ ಸಲ ಕಟ್ಟೂದು ಮರೆಯೂದಿಲ್ಲ ಅಂವ," ಎಂದಳು. ಆಗ ಅದು ದೊಡ್ಡ ಗುಣವೆಂದು ತೋರಿತ್ತು. ಈಗ ಐವತ್ತು ದಾಟಿ ಯೋಚಿಸಿದರೆ ಅಷ್ಟು ಸಲೀಸಾಗಿ ಒಪ್ಪಲಾರೆ. ಅವಳು ಬಾಯಿಬಿಟ್ಟು ಹೇಳಿದ್ದರೆ ನಮ್ಮ ಮನೆಯ ಮುಂದಿನ ಹುಡುಗಿಯರಿಗೆ ಒಂದು ದಾರಿಯಾಗುತ್ತಿತ್ತು. ಅವಳ ಸೊಸೆಯಂದಿರಲ್ಲಿ ಒಬ್ಬರೂ ಆ ವಿದ್ಯೆ ಕಲಿಯಲಿಲ್ಲ. ಅದು ವಿದ್ಯೆ ಎಂದೇ ಅವರಿಗೆ ಗೊತ್ತಾಗಲಿಲ್ಲ.

ಮರುವರ್ಷ ನಾವು ಬೆಂಗಳೂರಿಗೆ ಬಂದೆವು. ಜಯನಗರದಲ್ಲಿ ಬಾಡಿಗೆ ಮನೆ. 1948ರಲ್ಲಿ ರಾಜಾಜಿಯವರ ಕೈಯಿಂದ ಶಂಕುಸ್ಥಾಪನೆಯಾದ ಆ ಬಡಾವಣೆ ಅಷ್ಟರಲ್ಲಿ ಮರಗಳಿಂದ ತುಂಬಿತ್ತು. ಆದರೆ ಬನಶಂಕರಿ, ಜೆ.ಪಿ. ನಗರದ ಕಡೆ ಇನ್ನೂ ಸೈಟುಗಳ ಕಲ್ಲು ನೆಡುತ್ತಿದ್ದರು. ಭೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಊರಿನ ಮೊದಲಕ್ಷರ ಸೇರಿ ಬಿ.ಟಿ.ಎಂ. ಬಡಾವಣೆ ಎಂದು ಹೆಸರಾದದ್ದೂ ಆ ಕಾಲದ ಬೆಳವಣಿಗೆಯೇ. ಆಗ ಈ ಕಡೆಯೆಲ್ಲ ಎತ್ತಿನ ಗಾಡಿ ಧಾರಾಳವಾಗಿತ್ತು. ಇಟ್ಟಿಗೆ, ಮರಳು ಹೇರಿಕೊಂಡು ಬರುತ್ತಿತ್ತು. ಸೀಮೆಎಣ್ಣೆಯ ಪೀಪಾಯಿ ಹೊತ್ತ ಎತ್ತಿನ ಗಾಡಿ ಬೀದಿಗೆ ಬಂದರೆ ಡಬ್ಬ ಹಿಡಿದು ಓಡುತ್ತಿದ್ದೆವು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸುತ್ತಲ ಹಳ್ಳಿಗಳಿಂದ ಗಾಡಿಗಳು ಬರುತ್ತಿದ್ದವು. ಕಟ್ಟಿಗೆಯ ಚಕ್ರದ ಬದಲು ಅವಕ್ಕೆ ರಬ್ಬರು ಟೈರು ಇರುವುದನ್ನು ನೋಡಿ ನಾನು ಬೆರಗಾಗಿದ್ದೆ.

ಬಂಡಿಯ ಬಗ್ಗೆ ದೇಶದಲ್ಲೇ ಅತ್ಯಂತ ಗಂಭೀರವಾಗಿ ಯೋಚಿಸಿದವರು ಒಬ್ಬರು ನಮ್ಮ ದಕ್ಷಿಣ ಬೆಂಗಳೂರಿನ ಸಂಸ್ಥೆಯವರೇ ಎಂಬುದು ನನಗೆ ಕಾಲೇಜಿಗೆ ಬಂದ ಮೇಲೆ ತಿಳಿಯಿತು. ಈಗ ಬನ್ನೇರುಘಟ್ಟ ರಸ್ತೆಯಲ್ಲಿರುವ, 1973ರಲ್ಲಿ ಆರಂಭವಾದ ಐಐಎಂ ಸಂಸ್ಥೆಯ ಮೊದಲ ನಿರ್ದೇಶಕರು ಎನ್.ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿಯನ್ನು ಅಧ್ಯಯನ ಮಾಡಿ 1979ರಲ್ಲಿ ಅದರ ಆಧುನೀಕರಣದ ಬಗ್ಗೆ ಗ್ರಂಥ ತಂದರು. ದೇಶದಲ್ಲಿ ಆಗ ಕೋಟಿಗೂ ಮೀರಿ ಗಾಡಿಗಳಿದ್ದವು. ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾಗುತ್ತದೆ, ಕಬ್ಬಿಣದ ಹಳಿ ರಸ್ತೆಯನ್ನು ಕೊರೆಯುತ್ತದೆ, ಅಚ್ಚಿನ ಉಜ್ಜಾಟದಲ್ಲಿ ಎತ್ತಿನ ಬಲ ಪೋಲಾಗುತ್ತದೆ, ಬ್ರೇಕಿಲ್ಲದೆ ಇಳುಕಲಿನಲ್ಲಿ ಭಾರವೆಲ್ಲ ಅದರ ಕತ್ತಿಗೆ ಬೀಳುತ್ತದೆ ಎಂದು ಅವರು ಎತ್ತಿ ಹೇಳಿದರು. ಬೇರಿಂಗು, ಟೈರು, ಒಳ್ಳೆಯ ನೊಗ ಇದ್ದರೆ ಮೂಕಪ್ರಾಣಿಗೆ ಅರ್ಧ ನೋವು ತಪ್ಪುತ್ತದೆ ಎಂಬುದು ಅವರ ಕಳಕಳಿ. ಇದಕ್ಕಾಗಿಯೇ 'ಕಾರ್ಟ್‌ಮನ್' ಎಂಬ ಸಂಸ್ಥೆಯನ್ನೂ ಕಟ್ಟಿದರು. ಓದಿದಾಗ ನಮ್ಮ ಖಿಲಾರಿ ಎತ್ತುಗಳ ಹೆಗಲಿನ ಗಂಟು ಕಣ್ಣಿಗೆ ಬಂತು. ಬಂಡಿಯ ನೆನಪು ಎಷ್ಟೇ ಸಿಹಿಯಾಗಿರಲಿ, ಆ ಸಿಹಿಗೆ ಬೆಲೆ ತೆತ್ತವು ಅವು. ಅಜ್ಜಿ ದಿನವೂ ಆ ಗಂಟಿಗೆ ಔಡಲೆಣ್ಣೆ ಹಚ್ಚುತ್ತಿದ್ದಳು ನಿಜ. ಹಚ್ಚಿದ ಮಾತ್ರಕ್ಕೆ ನೊಗ ಹಗುರಾಗುತ್ತಿರಲಿಲ್ಲ.

1986ರಲ್ಲಿ ಕಾಕಾ ಬ್ಯಾಂಕಿನ ಸಾಲ ಮಾಡಿ ಟ್ರ್ಯಾಕ್ಟರ್ ತಂದ, ಜೊತೆಗೊಂದು ಟ್ರೇಲರ್. ಎತ್ತು ಮಾರಿದರು. ಮರುವರ್ಷದ ಜಾತ್ರೆಗೆ ನಾನು ಬೆಂಗಳೂರಿನಿಂದ ಹೋಗಿದ್ದೆ. ಎರಡು ದಿನದ ದಾರಿ ಅರ್ಧ ದಿನದಲ್ಲಿ ಮುಗಿಯುತ್ತದೆಂದು ಎಲ್ಲರಿಗೂ ಖುಷಿ. ಟ್ರೇಲರಿಗೆ ತಾಡಪತ್ರಿ ಕಟ್ಟಿ, ಇಪ್ಪತ್ತು ಜನ ಹತ್ತಿದೆವು. ಅಜ್ಜಿ ಹತ್ತುವ ಮುಂಚೆ ಒಂದು ಸುತ್ತು ಬಂದು ನೋಡಿ, "ಇದರ ಕಡಾಣಿ ಎಲ್ಲೇತಿ?" ಎಂದು ಕೇಳಿದಳು. ಕಾಕಾನ ಮಗ ನಕ್ಕ. ಇದಕ್ಕೆ ನಟ್ಟು ಬೋಲ್ಟು ಇದೆ, ಕಡಾಣಿ ಇಲ್ಲ ಎಂದ. ಅಜ್ಜಿ ಬಿಡಲಿಲ್ಲ. ಟ್ರ್ಯಾಕ್ಟರಿಗೂ ಟ್ರೇಲರಿಗೂ ಗಂಟಾಗಿದ್ದ ಕಡೆ ಬಗ್ಗಿ ನೋಡಿ, ಮೇಲಿಂದ ಇಳಿಬಿಟ್ಟಿದ್ದ ಕಬ್ಬಿಣದ ಗೂಟ ತೋರಿಸಿ, "ಮತ್ತ ಇದೇನು? ಇದು ಕುಣಕೊಂತ ಮ್ಯಾಲೆ ಬಂದ್ರ?" ಎಂದಳು. ಆ ಗೂಟದ ತಳಕ್ಕೆ ಒಂದು ಕ್ಲಿಪ್ಪು ಇರಬೇಕು. ಇರಲಿಲ್ಲ. ಹುಡುಗ ಇನ್ನೊಂದು ಸಲ ನಕ್ಕ. ಕಾಕಾ ನಗಲಿಲ್ಲ. ಒಂದು ತಂತಿಯ ತುಂಡು ತಂದು ಮೂರು ಸುತ್ತು ಬಿಗಿದ. ಅಜ್ಜಿ ಹತ್ತಿದಳು.

ದಾರಿಯುದ್ದಕ್ಕೂ ಧೂಳು, ಇಂಜಿನ್ನಿನ ಸದ್ದು. ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಹಾಡಂತೂ ಇಲ್ಲವೇ ಇಲ್ಲ. ಹಿಂದೆ ಕುಳಿತವರು ಕೂಗಿದರೆ ಮುಂದಿನ ಡ್ರೈವರಿಗೆ ತಲುಪುವುದಿಲ್ಲ. ಕೊಲ್ಲಾರಿಯಲ್ಲಿ ಅಜ್ಜಿಯ ಕಿವಿ ಮಾಡಿದ ಕೆಲಸವನ್ನು ಇಲ್ಲಿ ಯಾರೂ ಮಾಡುವಂತಿರಲಿಲ್ಲ. ಇಂಥ ಟ್ರೇಲರ್ ಸರಕಿಗೆಂದು ಇರುವುದು, ಜನರನ್ನು ತುಂಬುವುದು ಕಾನೂನಿಗೂ ವಿರುದ್ಧ. ಜಾತ್ರೆ, ಮದುವೆಗಳಿಂದ ಬರುವಾಗ ಟ್ರ್ಯಾಕ್ಟರ್ ಮಗುಚಿದ ಸುದ್ದಿಯನ್ನು ಇವತ್ತಿಗೂ ಪತ್ರಿಕೆಯಲ್ಲಿ ಓದುತ್ತೇವೆ. ಓದಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಅಜ್ಜಿ ಆಮೇಲೆ ಜಾತ್ರೆಗೆ ಹೋಗಲಿಲ್ಲ. 1994ರಲ್ಲಿ ತೀರಿಕೊಂಡಳು.

ಆ ಹೊತ್ತಿಗೆ ನಾನು ಶಿಕ್ಷಕಿಯಾಗಿದ್ದೆ, ಒಂದು ಸ್ಕೂಟರು ಕೊಂಡಿದ್ದೆ. ಒಂದು ಬೆಳಗ್ಗೆ ಶಾಲೆಗೆ ಹೊರಟಾಗ ರಾಗಿಗುಡ್ಡದ ಹತ್ತಿರ ಗಾಡಿ ನಿಂತುಹೋಯಿತು. ಎಷ್ಟು ಒದ್ದರೂ ಇಲ್ಲ. ಮೂವರು ಗಂಡಸರು ತಾವಾಗಿ ಬಂದರು. ಮೂರು ಸಲಹೆ ಕೊಟ್ಟರು. ಒಬ್ಬರು "ಮನೆಯವರಿಗೆ ಫೋನು ಮಾಡಿ ಮೇಡಂ" ಎಂದರು. ನನಗೆ ಯಾಕೋ ಅಜ್ಜಿ ನೆನಪಾದಳು. ಮರುದಿನ ನಮ್ಮ ಬೀದಿಯ ಮೆಕ್ಯಾನಿಕ್ ಹುಡುಗನ ಮುಂದೆ ಕುಳಿತು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮಸಿ ಉಜ್ಜಿ, ಒಣಗಿಸಿ ಹಾಕುವುದನ್ನು ಕಲಿತೆ. ಅವನಿಗೆ ಐದು ರೂಪಾಯಿ ಗುರುದಕ್ಷಿಣೆ ಕೊಟ್ಟೆ. ಮುಂದೆ ಹನ್ನೊಂದು ವರ್ಷ ಆ ಗಾಡಿ ಓಡಿಸಿದೆ. ಪ್ಲಗ್ ಬಿಚ್ಚುವ ಪಾನಾ ಸದಾ ನನ್ನ ಚೀಲದಲ್ಲಿ, ಕೆಂಪು ಮಸಿಯ ಪೆನ್ನಿನ ಪಕ್ಕದಲ್ಲಿ ಇರುತ್ತಿತ್ತು. ಸ್ಕೂಟರಿನ ಕಾಗದಪತ್ರ ಮೊದಲಿನಿಂದ ನನ್ನ ಹೆಸರಿಗೇ ಇತ್ತು. ಆದರೆ ಅದು ನನ್ನದು ಎಂದು ಅನ್ನಿಸಿದ್ದು ಪ್ಲಗ್ ಬಿಚ್ಚಲು ಬಂದ ಮೇಲೆಯೇ.

ಕೊಲ್ಲಾರಿ ಬಂಡಿ ಏನಾಯಿತು ಎಂದು ನೀವು ಕೇಳಬಹುದು. ಬಹಳ ವರ್ಷ ಹಿತ್ತಲ ಬೇವಿನ ಮರದ ಕೆಳಗೆ ನಿಂತಿತ್ತು. ಮೂರು ವರ್ಷದ ಹಿಂದೆ ಕಾಕಾನ ಮಗ ಫೋನು ಮಾಡಿ, ಹಳೆಯ ಸಾಮಾನು ಕೊಳ್ಳುವವರು ಬಂದಿದ್ದಾರೆ, ಹೋಟೆಲು ರೆಸಾರ್ಟುಗಳ ಅಂದಕ್ಕೆ ಬೇಕಂತೆ, ಕೊಡುತ್ತೇನೆ ಎಂದ. ಬೇಡ ಎನ್ನಲು ನನಗೆ ಯಾವ ಹಕ್ಕಿತ್ತು? ಎರಡು ಕಡಾಣಿ ಮಾತ್ರ ತೆಗೆದಿಡು ಎಂದೆ. ಅವನಿಗೆ ಕಡಾಣಿ ಯಾವುದೆಂದು ಗೊತ್ತಿರಲಿಲ್ಲ. ಫೋನಿನಲ್ಲೇ ವಿವರಿಸಬೇಕಾಯಿತು. ಪಾಪ, ಹುಡುಕಿ ಕಳಿಸಿಕೊಟ್ಟ. ಅದರಲ್ಲಿ ಒಂದು ಕಮತಗಿಯದು.

ಕನಕಪುರ ರಸ್ತೆಯ ಊಟದ ಹೋಟೆಲೊಂದರ ಅಂಗಳದಲ್ಲಿ ಇಂಥದೇ ಒಂದು ಬಂಡಿ ನಿಂತಿದೆ. ನಮ್ಮದಲ್ಲ. ಹೊಳೆಯುವ ವಾರ್ನಿಷ್ ಬಳಿದಿದ್ದಾರೆ. ಹೋದ ಸಲ ಮಕ್ಕಳು ಅದರ ಮೇಲೆ ಹತ್ತಿ ಕುಣಿಯುತ್ತಿದ್ದರು, ತಾಯಂದಿರು ಫೋಟೋ ತೆಗೆಯುತ್ತಿದ್ದರು. ನನ್ನ ಕಣ್ಣು ತಾನಾಗಿ ಚಕ್ರದ ಕಡೆ ಹೋಯಿತು. ಒಂದು ಕಡೆ ಕಡಾಣಿಯ ಬದಲು ಸಣ್ಣ ಮೊಳೆ. ಮ್ಯಾನೇಜರನ್ನು ಕರೆದು ತೋರಿಸಿದೆ. ಅವರು ಸಭ್ಯರು, ಕೇಳಿಸಿಕೊಂಡರು. "ಇದು ಓಡುವ ಗಾಡಿ ಅಲ್ಲವಲ್ಲ ಮೇಡಂ," ಎಂದರು. ಮಕ್ಕಳು ಕುಣಿಯುತ್ತಿದ್ದಾರಲ್ಲ ಸ್ವಾಮಿ ಎಂದೆ. ಮುಂದಿನ ಸಲ ಹೋದಾಗ ದಪ್ಪ ಬೋಲ್ಟು ಹಾಕಿಸಿದ್ದರು.

ಇದೆಲ್ಲವನ್ನೂ ಎದುರುಮನೆಯಾಕೆ ಮಗಳಿಗೆ ಹೇಳಿದರಂತೆ. ಒಂದು ಭಾನುವಾರ ಆ ಹುಡುಗಿ ನನಗೇ ಫೋನು ಮಾಡಿ ಕಡಾಣಿಯ ಕಥೆ ಇನ್ನೊಮ್ಮೆ ಹೇಳಿಸಿಕೊಂಡಳು. ಕೊನೆಗೆ ನಾನು ಕೇಳಿದೆ: "ನಿಮ್ಮ ಟ್ರೇಲರಿನ ಚಕ್ರಕ್ಕೆ ಗ್ರೀಸು ಯಾರು ಹಾಕುತ್ತಾರಮ್ಮ?"

"ಅವರೇ ಹಾಕ್ತಾರೆ ಆಂಟಿ. ನಾನು ಒಳಗಡೇದು, ಅಡಿಗೆ, ಕ್ಲೀನಿಂಗ್ ಎಲ್ಲಾ ನೋಡ್ಕೋತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, "ಮುಂದಿನ ಸಲ ಹಾಕುವಾಗ ನೀನೂ ಪಕ್ಕದಲ್ಲಿ ಕೂತು ನೋಡು. ನೋಡಿದ ಮೇಲೆ ಒಂದು ಚಕ್ರಕ್ಕೆ ನೀನೇ ಹಾಕು. ಹಾಕಿದ್ದು ನೀನು ಅಂತ ಮಕ್ಕಳಿಗೆ ಹೇಳು," ಎಂದೆ. ಕೊನೆಯ ಮಾತನ್ನು ಒತ್ತಿಯೇ ಹೇಳಿದೆ.

ಎರಡು ತಿಂಗಳ ಮೇಲೆ ಎದುರುಮನೆಯಾಕೆ ಮತ್ತೊಂದು ಫೋಟೋ ತೋರಿಸಿದರು. ಮಗಳ ಎರಡೂ ಕೈ ಮೊಣಕೈವರೆಗೆ ಗ್ರೀಸು, ಮೂಗಿನ ತುದಿಗೂ ಒಂದು ಚುಕ್ಕೆ. ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಮೊಮ್ಮಗಳು ಪಾನಾ ಹಿಡಿದು ನಿಂತಿದ್ದಾಳೆ.

"ನೋಡಿ ನಿಮ್ಮ ಮಾತು ಕೇಳಿ ಉಗುರೆಲ್ಲ ಹಾಳುಮಾಡಿಕೊಂಡಿದ್ದಾಳೆ," ಎಂದು ಆಕೆ ನನ್ನನ್ನು ಆಕ್ಷೇಪಿಸಿದರು. ಆಕ್ಷೇಪಿಸುತ್ತಲೇ ಆ ಫೋಟೋವನ್ನು ಪಕ್ಕದ ಮನೆಯವರಿಗೂ ತೋರಿಸಲು ಎದ್ದು ಹೋದರು.